ಸೀಮೆ ಮತ್ತು ಮತಕ್ಷೇತ್ರ: ಗುಡೂರು ಪರಿಸರದ ಒಂದು ಅವಲೋಕನ

ಗುಡೂರು ಬಾದಾಮಿ, ಹುನಗುಂದ, ಇಳಕಲ್‌ಗಳ ನಡುವಿನ ಊರು. ಈ ಪರಿಸರದಲ್ಲಿ ‘ಕ್ಷೇತ್ರ’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಒಂದು, ಬನಶಂಕರಿ, ಕೂಡಲಸಂಗಮಗಳಂತಹ ಪುಣ್ಯಸ್ಥಳ. ಇನ್ನೊಂದು, ವಿಧಾನಸಭೆಗೆ ಪ್ರತಿನಿಧಿಯನ್ನು ಆರಿಸುವ ಭೂಭಾಗ. ಮೊದಲನೆಯದರ ಎಲ್ಲೆಯನ್ನು ಭಕ್ತರ ನಡಿಗೆ ನಿರ್ಧರಿಸುತ್ತದೆ. ಎರಡನೆಯದನ್ನು ಜನಗಣತಿಯ ಆಧಾರದಲ್ಲಿ ಆಯೋಗ ಗುರುತಿಸುತ್ತದೆ. ಇವೆರಡೂ ಹೊಂದದಿದ್ದಾಗ ಆಗುವುದೇನು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಜನಪದರ ತಿಳುವಳಿಕೆಯಲ್ಲಿ ಇದು ಒಂದೇ ಸೀಮೆ. ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ಒಂದೇ ಉಡುಗೆಯ ಭಾಗಗಳು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ, ವೃತ್ತಿನಾಟಕ ಕಂಪನಿಗಳು ಬೀಡುಬಿಡುವ ದಿನಗಳಲ್ಲಿ, ಸುತ್ತಲಿನ ತಾಲ್ಲೂಕುಗಳ ಜನ ಒಂದೆಡೆ ಸೇರುತ್ತಾರೆ. ಆಡಳಿತದ ಗೆರೆಗಳು ಮಾತ್ರ ಬದಲಾಗುತ್ತ ಬಂದಿವೆ. 1956ರವರೆಗೆ ಮುಂಬಯಿ ರಾಜ್ಯ, ಬಳಿಕ ಮೈಸೂರು ರಾಜ್ಯ. 1997ರವರೆಗೆ ವಿಜಾಪುರ ಜಿಲ್ಲೆ, ಬಳಿಕ ಬಾಗಲಕೋಟೆ.

ಇವೆಲ್ಲಕ್ಕಿಂತ ಆಳವಾದ ಪಲ್ಲಟವೆಂದರೆ, ನಮ್ಮ ದೃಷ್ಟಿಯಲ್ಲಿ, 2008ರದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳನ್ನು ಪುನರ್ವಿಂಗಡಿಸಿತು. ಹೊಸ ಎಲ್ಲೆಗಳಡಿ ವಿಧಾನಸಭಾ ಚುನಾವಣೆ ನಡೆದ ಮೊದಲ ರಾಜ್ಯ ಕರ್ನಾಟಕ. ರಾಜ್ಯದ ಸ್ಥಾನಗಳು 224 ಆಗಿಯೇ ಉಳಿದವು. ಜಿಲ್ಲೆಯ ಸ್ಥಾನಗಳೂ ಏಳಾಗಿಯೇ ಉಳಿದವು. ಆದರೆ ಗುಳೇದಗುಡ್ಡ ಎಂಬ ಕ್ಷೇತ್ರ ಇಲ್ಲವಾಗಿ, ತೇರದಾಳ ಎಂಬುದು ಹುಟ್ಟಿತು. ಗುಳೇದಗುಡ್ಡ ಪಟ್ಟಣ ಬಾದಾಮಿ ಕ್ಷೇತ್ರಕ್ಕೆ ಸೇರಿತು. ಹಿಂದೆ ಗುಳೇದಗುಡ್ಡವನ್ನು ಪ್ರತಿನಿಧಿಸಿದ್ದ ಎಚ್.ವೈ. ಮೇಟಿ 2013ರಲ್ಲಿ ಬಾಗಲಕೋಟೆಯಿಂದ ಗೆದ್ದರು. ಮತಗಳ ಮೌಲ್ಯ ಸಮಾನವಾಗಿರಬೇಕೆಂಬ ತತ್ತ್ವ ಪ್ರಶ್ನಾತೀತ. ನೇಕಾರರ ದನಿ ಇದರಿಂದ ಅಡಗಿತೆನ್ನುವುದೂ ಅವಸರದ ಮಾತು. ತೇರದಾಳವೂ ರಬಕವಿ-ಬನಹಟ್ಟಿಯ ಮಗ್ಗಗಳ ಸೀಮೆಯೇ. (ರಂಗಭೂಮಿಯಿಂದ ಬಂದ ಉಮಾಶ್ರೀ 2013ರಲ್ಲಿ ಅಲ್ಲಿಂದ ಆಯ್ಕೆಯಾದುದನ್ನು ಜಾನಪದ ವಿದ್ಯಾರ್ಥಿ ಮರೆಯಲಾಗದು.) ಆದರೂ ಖಣಕ್ಕೆ ಹೆಸರಾದ ಊರು ಮತಪಟ್ಟಿಯಲ್ಲಿ ಇನ್ನೊಂದು ಊರಿನ ಹೆಸರಿನಡಿ ಬಂದುದು ಸಣ್ಣ ಸಂಗತಿಯಲ್ಲ.

‘ನಮ್ಮವರು’, ‘ಹೊರಗಿನವರು’ ಎಂಬ ಗ್ರಹಿಕೆಯೂ ನಕ್ಷೆಯನ್ನು ಅನುಸರಿಸುವುದಿಲ್ಲ. ಬಾದಾಮಿ ತಾಲ್ಲೂಕಿನ ಕೆರೂರಿನ ಎಸ್.ಆರ್. ಕಂಠಿ ಹುನಗುಂದದ ಶಾಸಕರಾಗಿದ್ದರು. 1962ರಲ್ಲಿ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತಾಗ ಮಾರ್ಚ್‌ನಿಂದ ಜೂನ್‌ವರೆಗೆ ಕಂಠಿಯವರೇ ಮುಖ್ಯಮಂತ್ರಿ. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾದ ಮೇಲೆ ಅವರು ಆ ಸ್ಥಾನ ಬಿಟ್ಟುಕೊಟ್ಟರು. ಕೆರೂರಿನವರು ಹುನಗುಂದಕ್ಕೆ ನಮ್ಮವರಾದರು. ಚಿತ್ರದುರ್ಗ ಕಡೆಯವರಿಗೂ ಈ ಸೀಮೆ ಎಡೆಕೊಟ್ಟಿತು. 2018ರಲ್ಲಿ ಬಾದಾಮಿಯ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಹೊರಗಿನವರೇ: ಮೈಸೂರು ಕಡೆಯ ಸಿದ್ದರಾಮಯ್ಯ, ಬಳ್ಳಾರಿಯ ಬಿ. ಶ್ರೀರಾಮುಲು. ಚಾಮುಂಡೇಶ್ವರಿಯಲ್ಲಿ ಸೋತ ಸಿದ್ದರಾಮಯ್ಯ ಇಲ್ಲಿ 1,696 ಮತಗಳ ಅಂತರದಿಂದ ಗೆದ್ದರು. 2023ರಲ್ಲಿ ಅವರು ವರುಣಾಕ್ಕೆ ಮರಳಿದರು.

ಸಂವಿಧಾನದ 84ನೆಯ ತಿದ್ದುಪಡಿಯು ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತ್ತು. ಸಂತೆಯ ದಾರಿ, ಬೀಗತನದ ಊರು, ಜಾತ್ರೆಯ ಒಕ್ಕಲು ಇವುಗಳ ನಕ್ಷೆಯನ್ನು ಮತಕ್ಷೇತ್ರದ ನಕ್ಷೆಯ ಮೇಲಿಟ್ಟು ನೋಡುವ ಕ್ಷೇತ್ರಕಾರ್ಯವು, ಗುಳೇದಗುಡ್ಡ ಕ್ಷೇತ್ರದಲ್ಲಿ ಮತ ಹಾಕಿದವರ ನೆನಪು ಹಸಿಯಾಗಿರುವಾಗಲೇ ನಡೆಯಬೇಕಾಗಿದೆ.