ಮಿದುಳನ್ನು ಅಳೆಯುವ ಮಾತು

ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ಮೊದಲು ನೋಡಬೇಕಾದುದು ಅದರ ಶೂನ್ಯದೋಷವನ್ನು. ದವಡೆಗಳೆರಡೂ ಕೂಡಿದಾಗ ಉಪಕರಣವು ಸೊನ್ನೆಯನ್ನು ತೋರಿಸದಿದ್ದರೆ, ಆ ದೋಷವನ್ನು ಲೆಕ್ಕಕ್ಕೆ ತಾರದೆ ಬರೆದ ಅಳತೆಗಳೆಲ್ಲವೂ ತಪ್ಪಾಗುವುವು. ಮಿದುಳಿನ ಶಕ್ತಿಯನ್ನು ಅಳೆಯುವ ಪರೀಕ್ಷೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ದೊಡ್ಡಬಳ್ಳಾಪುರದ ನೇಕಾರನೊಬ್ಬನಿಗೆ ಪಾರ್ಶ್ವವಾಯು ತಗುಲಿತೆನ್ನೋಣ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದ್ದರೆ ಕೈಕಾಲುಗಳ ಜೊತೆಗೆ ಮಾತೂ ಕೆಡುವುದುಂಟು. ಇದಕ್ಕೆ ಅಫೇಸಿಯಾ ಎಂದು ಹೆಸರು. ಯಾವುದು ನಷ್ಟವಾಗಿದೆ, ಯಾವುದು ಉಳಿದಿದೆ ಎಂಬುದನ್ನು ಅರಿಯದೆ ಪುನಶ್ಚೇತನ ಚಿಕಿತ್ಸೆಯನ್ನು ಯೋಜಿಸಲಾಗದು. ಆದುದರಿಂದ ಪರೀಕ್ಷೆ ಅಗತ್ಯ.

ಆದರೆ ಎಂಥ ಪರೀಕ್ಷೆ? ೧೯೮೩ರಲ್ಲಿ ಪ್ರಕಟವಾದ ಬಾಸ್ಟನ್ನಿನ ಹೆಸರಿಸುವ ಪರೀಕ್ಷೆಯಲ್ಲಿ ೬೦ ಚಿತ್ರಗಳಿವೆ. ಬೀವರ್ ಎಂಬ ಪ್ರಾಣಿ, ಪ್ರೆಟ್ಜೆಲ್ ಎಂಬ ತಿನಿಸು, ಹಿಮದ ಮನೆಯಾದ ಇಗ್ಲೂ ಅವುಗಳಲ್ಲಿ ಕೆಲವು. ಮಗ್ಗ, ಲಾಳಿ, ರೇಷ್ಮೆಗೂಡುಗಳ ನಡುವೆ ಬಾಳಿದವನು ಇವನ್ನು ಹೆಸರಿಸದಿದ್ದರೆ ದೋಷ ಮಿದುಳಿನದೊ, ಚಿತ್ರದ್ದೊ?

ಶಬ್ದಶಃ ಅನುವಾದದಿಂದಲೂ ಈ ತೊಡಕು ಬಗೆಹರಿಯದು. ಫೋಲ್‌ಸ್ಟೀನ್ ಮತ್ತು ಸಂಗಡಿಗರು ೧೯೭೫ರಲ್ಲಿ ರಚಿಸಿದ ೩೦ ಅಂಕಗಳ ಕಿರುಪರೀಕ್ಷೆಯೊಂದುಂಟು. 'ಲೋಕ' ಎಂಬರ್ಥದ ಐದಕ್ಷರದ ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳಿದರೆ ಅದರಲ್ಲಿ ಐದು ಅಂಕ. ಕನ್ನಡದ 'ಲೋಕ'ಕ್ಕೆ ಎರಡೇ ಅಕ್ಷರ. ಐದನ್ನು ಮನಸ್ಸಿನಲ್ಲಿ ಹಿಡಿದಿಡುವ ಶ್ರಮವೇ ಇಲ್ಲ! ಇನ್ನು, ಓದಿಗೊಂದು, ಬರೆಹಕ್ಕೊಂದು ಅಂಕ. ಅಕ್ಷರವರಿಯದವನು ಈ ಏಳನ್ನೂ ಕಳೆದುಕೊಂಡರೆ ಉಳಿಯುವುದು ೨೩. ೨೪ಕ್ಕಿಂತ ಕಡಮೆಯಾದರೆ ಮಿದುಳಿನ ಮೇಲೆ ಸಂಶಯಪಡುವುದು ವಾಡಿಕೆ. ಆರೋಗ್ಯವಂತನೂ ಹೀಗೆ ರೋಗಿಯೆನಿಸುವನು. ಇದೇ ಪರೀಕ್ಷೆಯ ಶೂನ್ಯದೋಷ.

ದೆಹಲಿಯ ಸಮೀಪದ ಬಲ್ಲಭಗಢದ ಹಳ್ಳಿಗರಿಗಾಗಿ ರಚಿತವಾಗಿ ೧೯೯೫ರಲ್ಲಿ ಪ್ರಕಟವಾದ ಹಿಂದಿ ಪರೀಕ್ಷೆಯಲ್ಲಿ ಅಕ್ಷರಗಳಿಗೆ ಬದಲಾಗಿ ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಓದಿ ಮಾಡುವ ಕೆಲಸಕ್ಕೆ ಬದಲಾಗಿ 'ನನ್ನನ್ನು ನೋಡಿ ಹಾಗೆಯೇ ಮಾಡು' ಎಂದರು. ಪರೀಕ್ಷಿಸುವ ಶಕ್ತಿ ಅದೇ. ದಾರಿ ಮಾತ್ರ ಬೇರೆ.

ಕನ್ನಡದಲ್ಲಿಯೂ ಇಂಥ ಕೆಲಸ ನಡೆದಿದೆ. ಕೆನಡಾದ ಕರ್ಟೆಸ್ ರಚಿಸಿದ 'ವೆಸ್ಟರ್ನ್ ಅಫೇಸಿಯಾ ಬ್ಯಾಟರಿ' ಎಂಬ ಪರೀಕ್ಷಾಮಾಲೆಯ ಕನ್ನಡ ರೂಪಕ್ಕೆ ಆರೋಗ್ಯವಂತರಿಂದಲೂ ರೋಗಿಗಳಿಂದಲೂ ಸಂಗ್ರಹಿಸಿದ ಅಂಕಿಗಳನ್ನು ೨೦೦೮ರಲ್ಲಿ ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ಪ್ರಕಟಿಸಿದರು. ಆರೋಗ್ಯವಂತರ ಅಂಕಿಗಳೇಕೆ? ಸೊನ್ನೆ ಎಲ್ಲಿದೆಯೆಂದು ತೋರಿಸುವವರು ಅವರೇ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು ಇಲ್ಲವೆ ಉರ್ದು, ಸಂತೆಯಲ್ಲಿ ಕನ್ನಡ. ನಮ್ಮ ನೇಕಾರನ ಮಾತನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಎರಡರಲ್ಲಿಯೂ ಅಳೆಯುವುದೇ ಸರಿ; ಏಕೆಂದರೆ ಪೆಟ್ಟು ಬಿದ್ದ ಮಿದುಳಿನಲ್ಲಿ ಎರಡು ಭಾಷೆಗಳೂ ಸಮನಾಗಿ ಕೆಡಬೇಕೆಂಬ ನಿಯಮವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ಸಿದ್ಧವಾದ ಮಿದುಳು ಪರೀಕ್ಷೆಗಳ ಒಂದು ಸಂಚಯವು ಕನ್ನಡ, ತೆಲುಗುಗಳೂ ಸೇರಿ ಐದು ಭಾಷೆಗಳಲ್ಲಿದೆ.

ಪರೀಕ್ಷೆಯ ದೋಷವನ್ನು ರೋಗಿಯ ದೋಷವೆಂದು ಬಗೆದರೆ, ಕೆಡದೆ ಉಳಿದುದನ್ನು ತಿದ್ದಲು ಹೋಗಿ ಕೆಟ್ಟುದನ್ನು ಮರೆತಂತಾಗುತ್ತದೆ. ಚೇತರಿಕೆಯ ಅಮೂಲ್ಯವಾದ ಮೊದಲ ತಿಂಗಳುಗಳು ಹಾಗೆಯೇ ಕಳೆದುಹೋಗುವುವು. ವೈದ್ಯರೊಡನೆ ಭಾಷೆ ಬಲ್ಲವರೂ ಗಣಿತ ಬಲ್ಲವರೂ ಕೂಡಿ ಮಾಡಬೇಕಾದ ಕೆಲಸ ಇಲ್ಲಿ ಬೇಕಾದಷ್ಟಿದೆ. ತರುಣರು ಇತ್ತ ಗಮನ ಹರಿಸಬೇಕು.