ಉಣ್ಣೆ ಹೆಣೆಯುವ ವೃದ್ಧೆಯ ಎರಡನೆಯ ಯಾತ್ರೆ

ಮನೆಯ ಹಿರಿಯರ ಕಣ್ಣು ತಪ್ಪಿಸಿ ಪತ್ತೇದಾರಿ ಕಾದಂಬರಿ ಓದಿದ ನೆನಪು ನಮ್ಮ ವಾಚಕರಲ್ಲಿ ಅನೇಕರಿಗೆ ಇದ್ದೀತು. ಆ ಹಿರಿಯರನ್ನೇ ಪತ್ತೇದಾರರ ಪೀಠದಲ್ಲಿ ಕುಳ್ಳಿರಿಸಿದವರು ಇಂಗ್ಲೆಂಡಿನ ಲೇಖಕಿ ಅಗಾಥಾ ಕ್ರಿಸ್ಟಿ. ಅವರ ಮಿಸ್ ಮಾರ್ಪಲ್ ಅವಿವಾಹಿತೆ, ವೃದ್ಧೆ, ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ನಿವಾಸಿ. ಆಕೆಗೆ ಕಚೇರಿಯಿಲ್ಲ, ಅಧಿಕಾರವಿಲ್ಲ. ಕೈಯಲ್ಲಿರುವುದು ಉಣ್ಣೆ ಹೆಣೆಯುವ ಕಡ್ಡಿಗಳು. ಹೊಸಬರಾರನ್ನು ಕಂಡರೂ ತನ್ನ ಹಳ್ಳಿಯ ಯಾರದೋ ನಡತೆ ಆಕೆಗೆ ನೆನಪಾಗುತ್ತದೆ. ಆ ಹೋಲಿಕೆಯೇ ಆಕೆಯ ಶೋಧನೆಯ ಮಾರ್ಗ. ತಮ್ಮ ಅಜ್ಜಿಯ ವೃದ್ಧ ಗೆಳತಿಯರ ಛಾಯೆ ಈ ಪಾತ್ರದಲ್ಲಿದೆಯೆಂದು ಲೇಖಕಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಲ್ಲರಲ್ಲಿಯೂ ಕೇಡನ್ನೇ ಶಂಕಿಸುವುದು, ಆ ಶಂಕೆ ಬಹುಮಟ್ಟಿಗೆ ನಿಜವಾಗಿಬಿಡುವುದು ಆ ಅಜ್ಜಿಯ ಗುಣವೇ ಅಂತೆ. ಇಂಥ ಅಜ್ಜಿಯರು ನಮ್ಮ ಜಗಲಿಗಳಿಗೂ ಅಪರಿಚಿತರಲ್ಲ.

ಮಾರ್ಪಲ್ ಕಾದಂಬರಿಗಳು ಹೆಚ್ಚಾಗಿ ಒಂದಕ್ಕೊಂದು ಸಂಬಂಧವಿಲ್ಲದವು. ಆದರೆ 1964ರ ‘ಎ ಕೆರಿಬಿಯನ್ ಮಿಸ್ಟರಿ’ಗೆ 1971ರಲ್ಲಿ ‘ನೆಮೆಸಿಸ್’ ಎಂಬ ಉತ್ತರಭಾಗ ಬಂದಿತು. ಆಗ ಲೇಖಕಿಗೆ 81 ವರ್ಷ.

ಮೊದಲ ಕಥೆಯಲ್ಲಿ ಸೋದರಳಿಯನ ವೆಚ್ಚದಲ್ಲಿ ದ್ವೀಪವೊಂದಕ್ಕೆ ವಿಶ್ರಾಂತಿಗೆ ಹೋದ ಮಾರ್ಪಲ್‌ಗೆ, ಕೊಲೆಗಾರನೊಬ್ಬನ ಭಾವಚಿತ್ರ ತೋರಿಸುವೆನೆಂದ ನಿವೃತ್ತ ಸೇನಾಧಿಕಾರಿ ಮರುದಿನ ಹೆಣವಾಗಿ ಸಿಗುತ್ತಾನೆ. ಚಿತ್ರವೂ ಕಾಣೆ. ಅದನ್ನು ಹುಡುಕಿಸುವುದಕ್ಕಾಗಿ ಈಕೆ ವೈದ್ಯರಲ್ಲಿ, ತನ್ನ ಸೋದರಳಿಯನ ಚಿತ್ರ ಮೃತನ ಬಳಿ ಉಳಿದಿದೆಯೆಂದು ನಯವಾಗಿ ಸುಳ್ಳು ಹೇಳುತ್ತಾಳೆ! ಮುದುಕಿಯ ಮಾತನ್ನು ಸಂಶಯಿಸುವವರಾರು? ಅಲ್ಲಿಯೇ ರಾಫಿಯೆಲ್ ಎಂಬ ಸಿರಿವಂತ, ಸಿಡುಕು ಸ್ವಭಾವದ ರೋಗಿಯಿದ್ದಾನೆ. ಇನ್ನೊಂದು ಪ್ರಾಣವನ್ನು ಉಳಿಸಬೇಕಾದ ರಾತ್ರಿ ಗುಲಾಬಿ ಬಣ್ಣದ ಉಣ್ಣೆಯ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಬಂದು ಅವನನ್ನು ಎಬ್ಬಿಸಿದ ಮಾರ್ಪಲ್, ತನ್ನನ್ನು ಗ್ರೀಕರ ಪ್ರತೀಕಾರದ ದೇವತೆ ನೆಮೆಸಿಸ್ ಎಂದು ಕರೆದುಕೊಳ್ಳುತ್ತಾಳೆ. ಅವನಿಗೆ ನಗು ಬರುತ್ತದೆ. ಆದರೂ ಅವಳ ಮಾತನ್ನು ಕೇಳುತ್ತಾನೆ.

ಉತ್ತರಭಾಗವೆಲ್ಲ ಆ ಒಂದು ರಾತ್ರಿಯ ಋಣದಿಂದಲೇ ಹುಟ್ಟಿದೆ. ಪತ್ರಿಕೆಯ ನಿಧನವಾರ್ತೆಯಲ್ಲಿ ರಾಫಿಯೆಲ್‌ನ ಹೆಸರು ಮಾರ್ಪಲ್‌ಗೆ ಕಾಣುತ್ತದೆ; ಯಾರಿವನೆಂದು ಒಡನೆ ನೆನಪಿಗೆ ಬಾರದು. ಬಳಿಕ ವಕೀಲರ ಪತ್ರ ಬರುತ್ತದೆ: ಒಂದು ಅಪರಾಧವನ್ನು ಶೋಧಿಸಿದರೆ 20,000 ಪೌಂಡ್. ಯಾವ ಅಪರಾಧ? ಎಲ್ಲಿ? ಯಾರು ಸತ್ತರು? ಒಂದನ್ನೂ ಹೇಳಿಲ್ಲ. ಸತ್ತವನು ಮೊದಲೇ ಏರ್ಪಡಿಸಿದ, ಪ್ರಸಿದ್ಧ ಮನೆ-ತೋಟಗಳ ಬಸ್ಸಿನ ಪ್ರವಾಸಕ್ಕೆ ಆಕೆ ಹೊರಡುತ್ತಾಳೆ. ದಾರಿಯಲ್ಲಿ ಮೂವರು ಸೋದರಿಯರ ಹಳೆಯ ಮನೆಯ ಆತಿಥ್ಯವೂ ಅವನ ಏರ್ಪಾಡೇ. ಗಿಡಬಳ್ಳಿಗಳ ಪರಿಚಯ ಆಕೆಗೆ ಅಲ್ಲಿ ಹೇಗೆ ಒದಗಿತೆಂಬುದನ್ನು ನಾವು ಹೇಳೆವು.

ಒಗಟಿನ ಬಿಗಿಯನ್ನಷ್ಟೇ ನೋಡುವವರಿಗೆ ಮೊದಲ ಪುಸ್ತಕವೇ ಮೇಲೆಂದು ನಾವು ಒಪ್ಪುತ್ತೇವೆ. ‘ನೆಮೆಸಿಸ್’ನಲ್ಲಿ ಮಾತು ದೀರ್ಘ, ಹೇಳಿದ್ದನ್ನೇ ಮತ್ತೆ ಹೇಳುವುದೂ ಉಂಟು. ಮಾನಭಂಗದ ದೂರು ಕೊಟ್ಟ ಹುಡುಗಿಯರನ್ನೇ ಹಗುರವಾಗಿ ಕಾಣುವ ಮಾತುಗಳನ್ನು ಗೌರವಸ್ಥ ಪಾತ್ರಗಳ ಬಾಯಲ್ಲಿ ಲೇಖಕಿ ಆಡಿಸಿದ್ದಾರೆ; ಅದನ್ನು ಕಾಲದ ದೋಷವೆಂದು ಮನ್ನಿಸಲು ನಮ್ಮ ಮನಸ್ಸು ಒಪ್ಪದು. ಆದರೂ ನಮಗೆ ಮತ್ತೆ ಮತ್ತೆ ಓದಬೇಕೆನಿಸುವುದು ಈ ಎರಡನೆಯದನ್ನೇ. ಮೊದಲ ಭಾಗದಲ್ಲಿ ತನ್ನ ಮಾತನ್ನು ನಂಬಿಸಲು ಉಪಾಯ ಹೂಡಬೇಕಾಗಿದ್ದ ವೃದ್ಧೆಯನ್ನು ಇಲ್ಲಿ ಒಬ್ಬಾತ ಸತ್ತ ಮೇಲೆಯೂ ನಂಬಿದ್ದಾನೆ. ಆ ನಂಬಿಕೆ ಅವನ ಮಗನಿಗೆ ಸಂಬಂಧಿಸಿದ್ದು. ಹುಡುಗಿಯೊಬ್ಬಳ ಕೊಲೆಯ ಆರೋಪ ಹೊತ್ತು ಆ ಮಗ ಸೆರೆಯಲ್ಲಿದ್ದಾನೆ. ಅವನು ಸನ್ನಡತೆಯವನೆಂಬ ಭ್ರಮೆ ತಂದೆಗೂ ಇರಲಿಲ್ಲ. ಆದರೆ ಈ ಕೊಲೆ ಅವನದೇ? ಸಾಯುವ ತಂದೆಗೆ ಈ ಪ್ರಶ್ನೆಯನ್ನು ಒಪ್ಪಿಸಲು ಕಂಡವಳು ದ್ವೀಪದಲ್ಲಿ ಕೆಲವು ದಿನ ಪರಿಚಿತಳಾದ ಮುದುಕಿಯೊಬ್ಬಳೇ.

‘ಸ್ಲೀಪಿಂಗ್ ಮರ್ಡರ್’ 1976ರಲ್ಲಿ ಲೇಖಕಿಯ ನಿಧನದ ಬಳಿಕ ಪ್ರಕಟವಾದರೂ ಬರೆದುದು ದಶಕಗಳ ಹಿಂದೆ. ಮಾರ್ಪಲ್ ಕುರಿತು ಕೊನೆಯಲ್ಲಿ ಬರೆದ ಕಾದಂಬರಿ ‘ನೆಮೆಸಿಸ್’.

ಕಡೆಯಲ್ಲಿ ಹಣ ಕೈಸೇರುವಾಗ ವಕೀಲರು ಅದನ್ನು ಜೋಪಾನವಾಗಿ ತೊಡಗಿಸಲು ಬುದ್ಧಿ ಹೇಳುತ್ತಾರೆ. ಬೇಡ, ಬೇಕಾದಾಗ ತೆಗೆಯುವ ಚಾಲ್ತಿ ಖಾತೆಗೇ ಹಾಕಿರಿ, ಖರ್ಚು ಮಾಡುವುದಕ್ಕೆಂದೇ ಇಟ್ಟುಕೊಂಡಿದ್ದೇನೆ ಎನ್ನುತ್ತಾಳೆ ಮಾರ್ಪಲ್.