ಅಣ್ಣ-ತಮ್ಮಂದಿರ ಕಾನೂನು

ಅಪ್ಪನ ಅಣ್ಣ ದೊಡ್ಡಪ್ಪ, ಅಪ್ಪನ ತಮ್ಮ ಚಿಕ್ಕಪ್ಪ, ಅಮ್ಮನ ಒಡಹುಟ್ಟಿದವನು ಸೋದರಮಾವ. ಕನ್ನಡದಲ್ಲಿ ಪ್ರತಿ ನಂಟಿಗೂ ಒಂದು ಹೆಸರಿದೆ, ಮದುವೆಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಥಾನವಿದೆ. ಆದರೆ ಅಮೆರಿಕದ ವಲಸೆ ಕಾನೂನಿನ ಪಾಲಿಗೆ ಇವರಾರೂ ಬಂಧುಗಳಲ್ಲ. ಸಾಕಿ ಸಲಹಿದ ಅಜ್ಜಿಯೂ ಅಲ್ಲ. ಅಲ್ಲಿನ ಪೌರನೊಬ್ಬ ತನ್ನವರನ್ನು ಸ್ಪಾನ್ಸರ್ ಮಾಡಿ ಕಾಯಂ ವಾಸಕ್ಕೆ ಕರೆಸಿಕೊಳ್ಳಲು ಆ ಕಾನೂನು ಒಪ್ಪುವ ನಂಟು ನಾಲ್ಕೇ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು. ಗ್ರೀನ್ ಕಾರ್ಡ್ ಮಾತ್ರ ಇದ್ದು ಪೌರತ್ವ ಪಡೆಯದವರಿಗೆ ಅದೂ ಇಲ್ಲ. ಅವರು ಕರೆಸಿಕೊಳ್ಳಬಹುದಾದದ್ದು ಸಂಗಾತಿಯನ್ನು ಮತ್ತು ಮದುವೆಯಾಗದ ಮಕ್ಕಳನ್ನು ಮಾತ್ರ.

ಈ ನಾಲ್ಕರಲ್ಲಿ ಕೊನೆಯದು ವಿಶೇಷವಾದದ್ದು. ಬ್ರಿಟನ್, ಕೆನಡಾಗಳಲ್ಲಿ ವಯಸ್ಕ ಒಡಹುಟ್ಟಿದವರನ್ನು ಸಾಮಾನ್ಯವಾಗಿ ಹೀಗೆ ಕರೆಸಿಕೊಳ್ಳಲಾಗದು. ಅಮೆರಿಕ ಮಾತ್ರ ಅವರಿಗೆ ಬಾಗಿಲು ತೆರೆದಿಟ್ಟದ್ದು ಏಕೆ? ಉತ್ತರ ತುಸು ವಿಚಿತ್ರವಾಗಿದೆ. ಆ ಬಾಗಿಲನ್ನು ಇಟ್ಟದ್ದು ಏಷ್ಯಾದವರಿಗಾಗಿ ಅಲ್ಲ.

ಭಾರತೀಯರ ಪಾಲಿಗೆ ಅಮೆರಿಕ ದೀರ್ಘಕಾಲ ಮುಚ್ಚಿದ ದೇಶವಾಗಿತ್ತು. 1917ರ ಕಾನೂನು ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂದ್ ಪೌರತ್ವ ಕೇಳಿದಾಗ, ಭಾರತೀಯರು ‘ಬಿಳಿಯರ’ ಸಾಲಿಗೆ ಸೇರುವುದಿಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯಲು ಹೋಗಿದ್ದ ಪಂಜಾಬಿನ ರೈತರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ವರ್ಷಗಟ್ಟಲೆ ಒಂಟಿಯಾಗಿ ಉಳಿದರು. ಅವರಲ್ಲಿ ಹಲವರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಅಲ್ಲಿಯೇ ಬೇರೆ ಸಂಸಾರ ಹೂಡಿದರು. 1946ರಲ್ಲಿ ನಿಯಮ ಸಡಿಲವಾದಾಗಲೂ ಇಡೀ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ 100 ಮಂದಿ.

ಯೂರೋಪಿನವರಿಗೂ ದೇಶವಾರು ಪಾಲು ಇತ್ತು. 1924ರಿಂದ ಜಾರಿಯಲ್ಲಿದ್ದ ಈ ಏರ್ಪಾಡು ಬ್ರಿಟನ್, ಜರ್ಮನಿಗಳಂಥ ದೇಶಗಳಿಗೆ ಹೆಚ್ಚು ಉದಾರವಾಗಿತ್ತು. ನಾಗರಿಕ ಹಕ್ಕುಗಳ ಚಳವಳಿಯ ದಿನಗಳಲ್ಲಿ ಇದನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಯಿತು. ಆಗ ಸರ್ಕಾರ ಸಿದ್ಧಪಡಿಸಿದ ಮಸೂದೆಯಲ್ಲಿ ಮೊದಲ ಆದ್ಯತೆ ಇದ್ದದ್ದು ವಿದ್ಯೆ ಮತ್ತು ಕಸುಬಿಗೆ. ಅದನ್ನು ತಿರುಗಿಸಿದವರು ಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯ ಅಧ್ಯಕ್ಷ, ಓಹಾಯೊದ ಮೈಕೆಲ್ ಫೀಗನ್. ಅವರ ಒತ್ತಾಯದಿಂದ ಕೌಟುಂಬಿಕ ಸಂಬಂಧ ಮುಂದಕ್ಕೆ ಬಂತು, ಕಸುಬು ಹಿಂದಕ್ಕೆ ಸರಿಯಿತು. ಆದ್ಯತೆಯ ವೀಸಾಗಳಲ್ಲಿ ನೂರಕ್ಕೆ 74 ಬಂಧುಗಳಿಗೆ ಮೀಸಲಾದವು. ಅದರಲ್ಲಿ 24 ಒಡಹುಟ್ಟಿದವರ ಪಾಲು. ವೈದ್ಯರು, ಎಂಜಿನಿಯರುಗಳಂಥ ವಿದ್ಯಾವಂತರಿಗೆ ಉಳಿದದ್ದು 10.

ಇದರ ಹಿಂದಿನ ಲೆಕ್ಕ ಸರಳವಾಗಿತ್ತು. ಅಮೆರಿಕದಲ್ಲಿ ಬಂಧುಗಳಿರುವುದು ಯೂರೋಪಿನವರಿಗೆ. ಬಂಧುಗಳಿಗೇ ಆದ್ಯತೆ ಕೊಟ್ಟರೆ ಬರುವವರೂ ಅವರೇ. ಹಳೆಯ ಪಾಲು ಕಾಗದದಲ್ಲಿ ಅಳಿಸಿಹೋದರೂ ದೇಶದ ಚಹರೆ ಬದಲಾಗದು. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಇದೇನೂ ಕ್ರಾಂತಿಕಾರಿ ಮಸೂದೆಯಲ್ಲವೆಂದೇ ಹೇಳಿದರು.

ಲೆಕ್ಕ ತಪ್ಪಿತು. ಯುದ್ಧದಿಂದ ಚೇತರಿಸಿಕೊಂಡು ಸುಖವಾಗಿದ್ದ ಪಶ್ಚಿಮ ಯೂರೋಪಿನ ಜನರಿಗೆ ಊರು ಬಿಡುವ ತುರ್ತು ಇರಲಿಲ್ಲ. ಭಾರತ, ಫಿಲಿಪೀನ್ಸ್, ಕೊರಿಯಾಗಳ ವಿದ್ಯಾವಂತರು ಆ ಸಣ್ಣ ಕಿಂಡಿಯಿಂದ ಒಳಗೆ ಹೋದರು. ಮೈಸೂರು, ಬೆಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದರು. 1970ರಲ್ಲಿ ಹೋದ ವೈದ್ಯನೊಬ್ಬ ಐದು ವರ್ಷಗಳ ನಂತರ ಪೌರನಾಗಿ ತಮ್ಮನಿಗೂ ತಂಗಿಗೂ ಅರ್ಜಿ ಹಾಕಬಹುದಿತ್ತು. ತಮ್ಮನೊಡನೆ ಅವನ ಹೆಂಡತಿ ಮಕ್ಕಳು. ಮುಂದೆ ಆಕೆ ಪೌರಳಾದರೆ ಆಕೆಯ ಅಣ್ಣ-ತಮ್ಮಂದಿರು. ಈ ಕಾನೂನಿಗೆ ‘ಅಣ್ಣ-ತಮ್ಮ, ಅಕ್ಕ-ತಂಗಿಯರ ಕಾನೂನು’ ಎಂಬ ಅಡ್ಡಹೆಸರೇ ಬಂತು. 1960ರಲ್ಲಿ ಅಮೆರಿಕದಲ್ಲಿದ್ದ ಭಾರತ ಸಂಜಾತರು ಸುಮಾರು 12 ಸಾವಿರ. 2019ರ ವೇಳೆಗೆ ಸುಮಾರು 27 ಲಕ್ಷ. ಉದ್ಯೋಗದ ವೀಸಾಗಳ ಪಾತ್ರವೂ ಇದರಲ್ಲಿ ದೊಡ್ಡದು. ಆದರೆ ಒಂಟಿ ಉದ್ಯೋಗಿಗಳ ಗುಂಪು ಬಂಧುಬಳಗವುಳ್ಳ ಸಮಾಜವಾದದ್ದು ಬಹುಮಟ್ಟಿಗೆ ಈ ದಾರಿಯಿಂದ.

ದಾರಿಯೇನೋ ಇದೆ, ಆದರೆ ಸರದಿ ಉದ್ದ. ಪೌರರ ಸಂಗಾತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು ಮತ್ತು ತಂದೆ-ತಾಯಿಗೆ ಸಂಖ್ಯೆಯ ಮಿತಿಯಿಲ್ಲ. ಒಡಹುಟ್ಟಿದವರಿಗೆ 1990ರ ಕಾನೂನು ನಿಗದಿ ಮಾಡಿದ್ದು ಇಡೀ ಜಗತ್ತಿಗೆ ವರ್ಷಕ್ಕೆ 65 ಸಾವಿರ ವೀಸಾ. ಅವರ ಸಂಗಾತಿ, ಮಕ್ಕಳೂ ಅದರೊಳಗೇ ಸೇರಬೇಕು. ಜೊತೆಗೆ, ಆದ್ಯತೆಯ ವೀಸಾಗಳಲ್ಲಿ ಒಂದು ದೇಶಕ್ಕೆ ನೂರಕ್ಕೆ 7ರ ಮಿತಿ. ಭಾರತಕ್ಕೂ ಐಸ್‌ಲೆಂಡ್‌ಗೂ ಒಂದೇ ಅಳತೆ. ಅರ್ಜಿ ಸಲ್ಲಿಸಿದ ದಿನಾಂಕವೇ ಸರದಿಯ ಚೀಟಿ. ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ವೀಸಾ ಲಭ್ಯವೆಂದು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆ ದಿನಾಂಕ ಕೆಲವೊಮ್ಮೆ ಮುಂದೆ ಹೋಗುವ ಬದಲು ಹಿಂದೆ ಸರಿಯುವುದೂ ಉಂಟು. ಭಾರತದ ಒಡಹುಟ್ಟಿದವರು ಕಾಯಬೇಕಾದದ್ದು 15 ವರ್ಷಕ್ಕೂ ಹೆಚ್ಚು. ಮೆಕ್ಸಿಕೋದವರು ಇನ್ನೂ ಹೆಚ್ಚು.

ಇಷ್ಟು ಕಾಲದಲ್ಲಿ ಮನೆ ಮೊದಲಿನಂತೆ ಇರುವುದಿಲ್ಲ. ಅಣ್ಣ ಅರ್ಜಿ ಹಾಕಿದಾಗ ತಮ್ಮನ ಮಗಳು ಬಾಲವಾಡಿಗೆ ಹೋಗುತ್ತಿದ್ದರೆ, ಸರದಿ ಬರುವಾಗ ಅವಳು ಕಾಲೇಜು ಮುಗಿಸಿರುತ್ತಾಳೆ. 21 ತುಂಬಿದರೆ ಕಾನೂನಿನ ಕಣ್ಣಿಗೆ ಅವಳು ತಂದೆ-ತಾಯಿಯ ಜೊತೆ ಹೋಗಬಲ್ಲ ‘ಮಗು’ ಅಲ್ಲ. 2002ರಲ್ಲಿ ಬಂದ ತಿದ್ದುಪಡಿಯೊಂದು, ಅರ್ಜಿ ಕಚೇರಿಯ ಪರಿಶೀಲನೆಯಲ್ಲಿದ್ದ ಅವಧಿಯನ್ನು ಮಗುವಿನ ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿತು. ಮಂಜೂರಾದ ಮೇಲೆ ಸರದಿಯಲ್ಲಿ ನಿಂತ ವರ್ಷಗಳಿಗೆ ಆ ರಿಯಾಯಿತಿ ಇಲ್ಲ. ಹೀಗೆ ವಯಸ್ಸು ಮೀರಿದವರಿಗೆ ಹಳೆಯ ದಿನಾಂಕವನ್ನು ಉಳಿಸಿಕೊಡಬೇಕಾಗಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಣ್ಣನ ಬಳಿಗೆ ಹೋಗುವುದೋ, ಮಗಳ ಬಳಿ ಉಳಿಯುವುದೋ ಎಂಬ ಪ್ರಶ್ನೆ ಹಲವು ಮನೆಗಳಿಗೆ ಬರುವುದು ಹೀಗೆ.

ಕರೆಸಿಕೊಳ್ಳುವವನ ಹೊಣೆಯೂ ಸಣ್ಣದಲ್ಲ. 1996ರ ಕಾನೂನಿನಂತೆ ಅವನು, ತನ್ನ ಆದಾಯ ಸಾಮಾನ್ಯವಾಗಿ ಬಡತನ ರೇಖೆಯ ಒಂದೂಕಾಲು ಪಟ್ಟಾದರೂ ಇದೆಯೆಂದು ತೋರಿಸಿ ಮುಚ್ಚಳಿಕೆ ಬರೆದುಕೊಡಬೇಕು. ಬಂದವರು ಕೆಲವು ಬಗೆಯ ಸರ್ಕಾರಿ ನೆರವು ಪಡೆದರೆ ಆ ಹಣವನ್ನು ಅವನಿಂದ ವಸೂಲು ಮಾಡಬಹುದು. ಸಂಗಾತಿಯನ್ನು ಕರೆಸಿಕೊಂಡು ಮುಂದೆ ವಿಚ್ಛೇದನವಾದರೂ ಈ ಹೊಣೆ ತೀರದು.

ಒಡಹುಟ್ಟಿದವರ ವರ್ಗವನ್ನು ತೆಗೆದುಹಾಕಬೇಕೆಂದು ಬಾರ್ಬರಾ ಜೋರ್ಡನ್ ಅಧ್ಯಕ್ಷತೆಯ ಆಯೋಗ 1995ರಲ್ಲಿಯೇ ಶಿಫಾರಸು ಮಾಡಿತ್ತು. 2013ರಲ್ಲಿ ಸೆನೆಟ್ ಅಂಗೀಕರಿಸಿದ ಮಸೂದೆಯಲ್ಲೂ ಅದೇ ಇತ್ತು. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ದೇಶಕ್ಕೆ ಬೇಕಾದದ್ದು ಕಸುಬು ಬಲ್ಲವರು ಎಂಬುದು ಒಂದು ವಾದ. ಕಸುಬು ಬಲ್ಲವನೂ ಬೇರೂರುವುದು ತನ್ನವರಿದ್ದಾಗಲೇ ಎಂಬುದು ಇನ್ನೊಂದು. ವಿಪರ್ಯಾಸವೆಂದರೆ, ಬಂಧುಗಳಿಗೆ ಮಣೆ ಹಾಕಿದರೆ ದೇಶ ಬದಲಾಗದೆಂದು ಅಂದು ನಂಬಿದವರಿದ್ದರು. ಅದರಿಂದಲೇ ದೇಶ ಬದಲಾಯಿತೆಂಬ ದೂರು ಇಂದು. ಈ ವಾದಗಳ ನಡುವೆ, ಅಣ್ಣ ಎಂದೋ ಹಾಕಿದ ಅರ್ಜಿಯ ದಿನಾಂಕವನ್ನು ಈ ತಿಂಗಳ ಪಟ್ಟಿಯೊಡನೆ ಹೋಲಿಸಿ ನೋಡುವವರು ನಮ್ಮ ಊರುಗಳಲ್ಲೂ ಇದ್ದಾರೆ.